ಅಜ್ಞಾತ ಗಾಯಕ

ಗೆಳೆಯರೇ, ತಪ್ಪೊಪ್ಪಿಕೊಳ್ಳುತ್ತೇನೆ: ಪಕ್ಕದ ಮನೆಯ ಕಾಕುವಿನ ಟ್ರಂಕಿನಿಂದ ಕ್ಯಾಸೆಟ್ ಕದ್ದೆ. ಅವರ ತೀರಿಹೋದ ಗಂಡ, ನಮ್ಮ ಕಾಕಾರ ದನಿ ಉಳಿದದ್ದು ಅದೊಂದರಲ್ಲೇ. ಮಿರಜಿನಲ್ಲಿ ಅದನ್ನು ಸೀಡಿ ಮಾಡಿಸಿ, ಇಂದು ಕಾಕುವಿನ ಹೊಸ ಕಂಪ್ಯೂಟರಿಗೆ ಮ್ಯೂಸಿಕ್ ಪ್ಲೇಯರ್ ಹಾಕಿಕೊಟ್ಟೆ. ಕದ್ದ ಮಾಲು ಭಜನೆ ಹಾಡತೊಡಗಿತು.

ಕಾಕು ಕಣ್ಣೊರೆಸಿಕೊಂಡರು. "ಟೇಪ್ ಕಳೀತು, ಅವರ ದನೀನೂ ಹೋತು ಅಂದ್ಕೊಂಡಿದ್ನೋ ಕಳ್ಳಾ! ಪುಣ್ಯಾ ಕಟ್ಕೊಂಡಿ."

"ಹತ್ತು ವರ್ಷ ಕಾಕಾರ ಪಟ್ಟಶಿಷ್ಯ ಅಲ್ರೀ ನಾ!" ಎಂದು ಬೀಗಿದೆ.

ಪರದೆಯ ಮೇಲೆ 'ಅಜ್ಞಾತ ಗಾಯಕ' ಎಂದಿತ್ತು. ಓದಿ ಹೇಳಿದೆ.

"ಇಡೀ ಹರಿಪುರಕ್ಕ ಗೊತ್ತಿದ್ದವರು ಅಜ್ಞಾತ ಏನೋ? ಹೆಸರು ಬರಿ!"

"ಹೇಳ್ರಿ ಕಾಕು, ಬರೀತೇನಿ."

"ಗಂಡನ ಹೆಸರು ನಾ ಹೆಂಗ ಹೇಳ್ಲೋ? ಪಟ್ಟಶಿಷ್ಯ ನೀನ ಬರಿ."

ನೀರು ಕುಡಿದು ಬರುತ್ತೇನೆಂದು ಎದ್ದೆ. ಬಾಗಿಲ ಹೊರಗಿನ ನಾಮಫಲಕ ಓದಿಕೊಂಡು ಬಂದೆ.