ಬಾಗಿಲ ಕಡೆಯ ಗಂಟು

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳಿಗೆ ಅಳತೆಯಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಹರಿದ ಹಾಸುಬಟ್ಟೆಗೆ ತೇಪೆ ಹಾಕುವಾಗ ಉಳಿದವರು ಕಣ್ಣಂದಾಜಿನಲ್ಲಿ ಕತ್ತರಿಸಿದರೆ, ಅವಳು ಗೇಣು ಹಾಕಿ, ಬೆರಳು ಹಾಕಿ, ಸಾಲದೆಂದು ಟೇಪು ಹಿಡಿದು ನೋಡಿ ಆಮೇಲೆ ಕತ್ತರಿ ಎತ್ತುತ್ತಿದ್ದಳು. "ರೋಗಿ ಮಲಗೋಕೆ ಬರ್ತಾನೋ, ನಿನ್ನ ತೇಪೆ ಅಳೆಯೋಕೆ ಬರ್ತಾನೋ?" ಎಂದು ಮೇಲ್ವಿಚಾರಕ ಗೊಣಗುತ್ತಿದ್ದ. "ಅಂಚು ಬೆನ್ನಿಗೆ ಒತ್ತಿದ್ರೆ ಮಲಗಲ್ಲ, ಎದ್ದು ಬಂದು ನಿಮ್ಮನ್ನೇ ಕೇಳ್ತಾನೆ," ಎಂದು ಇವಳು ತಲೆ ಎತ್ತದೆ ಹೇಳುತ್ತಿದ್ದಳು.

ಅದೇ ಮೇಜಿನ ಆಚೆ ಬದಿಗೆ ಕೂರುತ್ತಿದ್ದವಳು ಎಡಗೈಯವಳು. ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬಾಯಿ ಜೋರು, ಹೊಲಿಗೆ ಅಷ್ಟಕ್ಕಷ್ಟೇ. ಆದರೂ ಇಬ್ಬರ ಜೋಡಿ ಹಾಲು ಜೇನಿನಂತೆ ಕೂಡಿಬಂತು. ಅದಕ್ಕೆ ಕಾರಣ ಆ ಎಡಗೈಯೇ. ಬಲಗೈಯವರು ಸಾಲನ್ನು ಬಲದಿಂದ ಎಡಕ್ಕೆ ಹೊಲಿಯುತ್ತಾರೆ, ಎಡಗೈಯವರು ಎಡದಿಂದ ಬಲಕ್ಕೆ. ಎದುರುಬದುರು ಕೂತಾಗ ಇಬ್ಬರ ಸೂಜಿಗಳೂ ಕಿಟಕಿಯ ಕಡೆಯಿಂದ ಹೊರಟು ಬಾಗಿಲ ಕಡೆಗೆ ಜೊತೆಯಾಗಿ ಓಡುತ್ತಿದ್ದವು. ಒಬ್ಬಳು ಹಿಂದೆ ಬಿದ್ದರೆ ಇನ್ನೊಬ್ಬಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ನಿವೃತ್ತಿಯಾದ ಮೇಲೂ ಆ ಓಟ ನಿಲ್ಲಲಿಲ್ಲ. ಅಳತೆಯಕ್ಕ ಮಗಳು ಅಳಿಯನ ಜೊತೆ ಮಹಡಿಯ ಮನೆಯಲ್ಲಿದ್ದಳು. ಮಗಳು ಬೇಕರಿಯಲ್ಲಿ ಕೆಲಸಕ್ಕೆ, ಅಳಿಯ ಬಸ್ಸಿನ ಡ್ರೈವರು. ಚಳಿಗಾಲ ಬಂತೆಂದರೆ ಮಧ್ಯಾಹ್ನದ ಊಟ ಮುಗಿಸಿ ಎಡಚಿ ಬಸ್ಸು ಹತ್ತಿ ಬಂದುಬಿಡುವಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅಳತೆಯಕ್ಕ ಕೂತಲ್ಲಿಂದಲೇ, "ಬಾಗಿಲು ತೆಗೆದೇ ಇದೆ, ಗಾಳಿ ಒಳಗೆ ತರಬೇಡ," ಎನ್ನುವಳು. ಕಿಟಕಿಯಿಂದ ಬೀಳುವ ಬಿಸಿಲಿನ ಚೌಕದಲ್ಲಿ ಮಣೆ, ಮಣೆಯ ಮೇಲೆ ದಿಂಬು, ನಡುವೆ ಹಾಸಿದ ಕೌದಿ. ಹಳೆ ಪರದೆ, ಮಗಳ ಸ್ಕೂಲಿನ ನೀಲಿ ಲಂಗ, ಅಳಿಯನ ಮಾಸಿದ ಖಾಕಿ ಅಂಗಿ, ಯಾರೋ ಕೊಟ್ಟ ಮೇಜಿನ ಬಟ್ಟೆ, ಎಲ್ಲವೂ ತುಣುಕಾಗಿ, ಇಸ್ತ್ರಿಯಾಗಿ, ಪಕ್ಕಪಕ್ಕ ಕೂತು ನೆಂಟರಾಗುತ್ತಿದ್ದವು. ಯಾವ ಬಣ್ಣದ ಪಕ್ಕ ಯಾವುದು ಎಂದು ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುವುದರಲ್ಲೇ ಒಂದು ವಾರ ಹೋಗುವುದು. ಆ ವಾರವೇ ಇಬ್ಬರಿಗೂ ಹಬ್ಬ. ಆಮೇಲೆ ಪದರ ಹಾಸಿ ಕಚ್ಚಾ ಹೊಲಿಗೆ ಹಾಕಿಕೊಂಡು ಇಲ್ಲೂ ಕಿಟಕಿಯಿಂದ ಬಾಗಿಲ ಕಡೆಗೇ ಸಾಲು ಹಾಕುತ್ತ ಆ ಬದಿಯಿಂದ ಒಬ್ಬಳು, ಈ ಬದಿಯಿಂದ ಒಬ್ಬಳು ಹೊರಟರೆ, ಚಳಿ ಮುಗಿಯುವ ಹೊತ್ತಿಗೆ ನಡುವೆ ಸೇರುತ್ತಿದ್ದರು. ಮಂಡಿಯ ಮೇಲೆ ಕೌದಿಯ ಭಾರ, ಬೆಚ್ಚಗೆ. ಮಾತಿಗೆ ಬರವಿಲ್ಲ.

ಒಂದೇ ತಕರಾರು. ಎಡಚಿಯ ಹೊಲಿಗೆ ಮಾತಿನ ಭರದಲ್ಲಿ ಉದ್ದವಾಗುತ್ತಿತ್ತು. ಅಳತೆಯಕ್ಕ ಕನ್ನಡಕದ ಮೇಲಿಂದ ನೋಡಿ, "ಬಿಚ್ಚು," ಎನ್ನುವಳು.

"ಇಷ್ಟೂನಾ?"

"ಇಷ್ಟೂ."

"ನಿನ್ನ ಕೈಗೆ ಸಿಕ್ಕಿದ್ರೆ ದೇವರೂ ಭೂಮಿ ಬಿಚ್ಚಿ ಮತ್ತೆ ಹೊಲೀಬೇಕು ಅಕ್ಕಾ," ಎಂದು ಬೈದುಕೊಂಡೇ ಎಡಚಿ ಬಿಚ್ಚುವಳು.

ಇದುವರೆಗಿನ ಕೌದಿಗಳೆಲ್ಲ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಹೆರಿಗೆಗೆ, ಹೊಸ ಮನೆಗೆ ಎಂದು ಹೊರಗೇ ಹೋಗಿದ್ದವು. ಈ ಸಲ ಎಡಚಿಯೇ ಮಾತು ತೆಗೆದಳು. "ಈ ಕೌದಿ ಯಾರಿಗೂ ಬೇಡ ಅಕ್ಕಾ, ನಮಗೇ. ನಮ್ಮಿಬ್ಬರಲ್ಲಿ ಯಾರು ಮೊದಲು ಹೋಗ್ತೀವೋ, ಉಳಿದವಳು ಹೊದ್ಕೊಳ್ಳೋದು. ನಾನು ಹೋದ್ರೂ ನನ್ನ ಅರ್ಧ ನಿನ್ನ ಮೈಮೇಲಿರುತ್ತೆ."

"ನಿನ್ನ ಅರ್ಧವನ್ನ ಕಾಲ ಕಡೆ ಹಾಕ್ಕೋತೀನಿ," ಎಂದಳು ಅಳತೆಯಕ್ಕ. ಆದರೆ ಆ ಮಾತು ಅವಳ ಎದೆಗೆ ಇಳಿದಿತ್ತು. ಈ ಕೌದಿಗೆಂದೇ ತನ್ನ ಮದುವೆಯ ಸೀರೆಯ ಸೆರಗನ್ನು ತೆಗೆದು ಕತ್ತರಿಸಿದಳು. ಅದನ್ನು ಮಗಳಿಗೂ ಕೊಟ್ಟಿರಲಿಲ್ಲ.

ಕೌದಿ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ, ಎಡಚಿಯ ಫೋನು ಬಂತು. ಮಂಡಿನೋವು, ಮೆಟ್ಟಿಲು ಹತ್ತಲಾರಳಂತೆ. "ಕೌದಿ ಕಳಿಸು, ನನ್ನ ಕಡೆಯದ್ದನ್ನ ಇಲ್ಲೇ ಹೊಲೀತೀನಿ," ಎಂದಳು. ಹಾಗಾಗಿ ಕೌದಿ ಗೋಣಿಚೀಲದಲ್ಲಿ ಅಳಿಯನ ಬಸ್ಸು ಹತ್ತಿತು. ವಾರದ ಅರ್ಧ ಇಲ್ಲಿ, ಅರ್ಧ ಅಲ್ಲಿ. "ಅತ್ತೆ, ಇದಕ್ಕೆ ಟಿಕೆಟ್ ಯಾರು ತಗೋತಾರೆ? ಕಂಡಕ್ಟರ್ ಕೇಳ್ತಿದಾನೆ," ಎಂದು ಅಳಿಯ ನಗುವನು. "ಹಿರಿಯ ನಾಗರಿಕರ ಕೌದಿ, ಅರ್ಧ ಟಿಕೆಟ್ ಅನ್ನು," ಎನ್ನುವಳು ಅತ್ತೆ.

ಮೊದಲ ಸಲ ಬಂದಾಗ ಎಲ್ಲ ಸರಿಯಿತ್ತು. ಎಡಚಿಯ ಸಾಲುಗಳು, ಅದೇ ಓರೆ, ಅದೇ ಅವಸರ. ಎರಡನೇ ಸಲ ಬಂದಾಗ ಹೊಲಿಗೆ ನೆಟ್ಟಗಿತ್ತು. ಅಳತೆಯಕ್ಕನಿಗೆ ಸಂತೋಷವೇ ಆಯಿತು. ಮಾತಾಡೋಕೆ ಯಾರೂ ಇಲ್ಲ, ಪಾಪ, ಮನಸ್ಸಿಟ್ಟು ಹೊಲಿದಿದಾಳೆ ಎಂದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಸವರಿದಳು. ಸಾಲು ಶುರುವಾಗುವ ಕಡೆ ದಾರದ ಗಂಟನ್ನು ಪದರದ ಒಳಗೆ ಅಡಗಿಸುತ್ತಾರೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಕಿಟಕಿಯ ಕಡೆಯ ಅಂಚಿನಲ್ಲಿ ಗಂಟು ಸಿಗಲಿಲ್ಲ. ಬಾಗಿಲ ಕಡೆಯ ಅಂಚಿನಲ್ಲಿ ಸಿಕ್ಕಿತು. ಒಂದಲ್ಲ, ಹೊಸ ಸಾಲುಗಳದ್ದೆಲ್ಲ.

ತಾನೇ ಕೌದಿಯನ್ನು ತಿರುಗಾಮುರುಗಾ ಹಾಸಿಕೊಂಡಿರಬೇಕು ಎಂದು ಎತ್ತಿ ತಿರುಗಿಸಿದಳು. ಹೇಗೆ ತಿರುಗಿಸಿದರೂ ತನ್ನ ಗಂಟುಗಳು ಒಂದು ಅಂಚಿಗೆ, ಆ ಗಂಟುಗಳು ಇನ್ನೊಂದು ಅಂಚಿಗೆ. ಎಡಚಿಯ ಬದಿಯಲ್ಲಿ ಕೂತು ಬಾಗಿಲ ಕಡೆಯಿಂದ ಶುರುಮಾಡುವುದು ಬಲಗೈ. ಕೈ ನೋವೂ ಬಂದು ಬಲಗೈಯಲ್ಲಿ ಹೊಲಿದಳೇನೋ ಎಂದು ಸಮಾಧಾನ ಹುಡುಕಿದಳು. ಎಡಚಿ ಬಲಗೈಯಲ್ಲಿ ಚಮಚವನ್ನೂ ನೆಟ್ಟಗೆ ಹಿಡಿಯಲಾರಳು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸಂಜೆ ಫೋನಿನಲ್ಲಿ, "ಹೊಲಿಗೆ ತುಂಬ ನೆಟ್ಟಗಿದೆಯಲ್ಲೇ," ಎಂದಳು.

"ನೋವಿಗೆ ಬುದ್ಧಿ ಬಂದಿದೆ ಅಕ್ಕಾ," ಎಂದಳು ಎಡಚಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಮಾತು. ಹಿಂದೆ ಯಾರದೋ ನಗು ಕೇಳಿಸಿತು, ಕೂಡಲೇ ಫೋನು ಇಟ್ಟಳು.

ಅಳತೆಯಕ್ಕ ಅನುಮಾನವನ್ನು ಹಿಡಿದು ಕೂರುವ ಜಾತಿಯಲ್ಲ. ಮಾರನೆಯ ಮಧ್ಯಾಹ್ನ ಕೌದಿಯನ್ನು ಅಳಿಯನ ಕೈಲಿ ಮೊದಲೇ ಕಳಿಸಿ, ಮಂಡಿಗೆ ತಿಕ್ಕುವ ಎಣ್ಣೆಯ ಬಾಟಲಿ ಹಿಡಿದು ತಾನು ಅದರ ಹಿಂದೆ ಬಂದ ಬಸ್ಸಿಗೆ ಹೊರಟಳು. ಸ್ನೇಹಿತೆಗೆ ಎಣ್ಣೆ ತಿಕ್ಕಿ, ಮುಖ ನೋಡಿ ಬಂದರೆ ಈ ಗಂಟಿನ ಗೋಜಲು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದೇ ಅವಳ ನಂಬಿಕೆ.

ಎಡಚಿಯ ಮನೆ ಕೊನೆಯ ಸ್ಟಾಪಿನ ಹತ್ತಿರ, ಮೂರನೆಯ ಮಹಡಿ. ಬಾಗಿಲು ತೆರೆದವಳು ಎಡಚಿಯ ಸೊಸೆ. ಒಳಗೆ ಮಂಚದ ಮೇಲೆ ಕೌದಿ ಹರಡಿತ್ತು. ಅರ್ಧ ಸಾಲಿನಲ್ಲಿ ಸೂಜಿ ಚುಚ್ಚಿ ನಿಂತಿತ್ತು. ಸೊಸೆಯ ಬಲಗೈ ಬೆರಳಲ್ಲಿ ಸೂಜಿ ಒತ್ತುವ ಟೊಪ್ಪಿ.

"ನಿಮ್ಮತ್ತೆ ಎಲ್ಲಮ್ಮಾ?"

ಸೊಸೆ ಒಳ್ಳೆಯವಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಕೆಳಗಡೆ ಮನೆಗೆ ಹೋಗಿದಾರೆ ದೊಡ್ಡಮ್ಮಾ. ದಿನಾ ಹೋಗ್ತಾರೆ. ಅಲ್ಲಿ ಹೀಟರ್ ಇದೆ, ನಾಲ್ಕಾರು ಜನ ಸೇರಿ ಸ್ವೆಟರ್ ಹೆಣೀತಾರೆ." ಆಮೇಲೆ ಕೌದಿ ಕಡೆ ನೋಡಿ, "ಇದನ್ನ ನನ್ನ ಕೈಲಿ ಕೊಟ್ರು. ಚೆನ್ನಾಗಿ ಬಂದಿಲ್ವಾ?" ಎಂದಳು.

"ಚೆನ್ನಾಗೇ ಬಂದಿದೆ ತಾಯಿ. ಮಂಡಿ?"

"ಮಂಡಿಗೇನು?" ಎಂದುಬಿಟ್ಟಳು ಸೊಸೆ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಇಳಿಯುವಾಗ ಕೆಳಗಿನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಯಾರೋ ಟೀ ತಟ್ಟೆ ಹಿಡಿದು ಒಳಗೆ ಹೋಗಿದ್ದರು. ಹೆಂಗಸರು ಸುತ್ತ ಕೂತಿದ್ದರು, ಮಡಿಲಲ್ಲಿ ಉಲ್ಲನ್ನಿನ ಉಂಡೆಗಳು. ಬಾಗಿಲಿಗೆ ಬೆನ್ನು ಹಾಕಿ ಎಡಚಿ ನಡುವೆ ನಿಂತಿದ್ದಳು. ಕನ್ನಡಕವನ್ನು ಮೂಗಿನ ತುದಿಗೆ ಎಳೆದು, ಹೆಣಿಗೆ ಕಡ್ಡಿಯನ್ನು ಅಳತೆಗೋಲಿನ ಹಾಗೆ ಹಿಡಿದು, ಒಬ್ಬಳ ಮಡಿಲಿಗೆ ಬಗ್ಗಿ, "ಬಿಚ್ಚು. ಇದು ಹೊಲಿಗೇನಾ? ಇರುವೆ ಸಾಲು ಹೋದಂಗಿರಬೇಕು. ನಿಂದು ಕುಡುಕ ಹೋದಂಗಿದೆ. ಬಿಚ್ಚೇ," ಎಂದಳು. ಧ್ವನಿ ಥೇಟು ಅಳತೆಯಕ್ಕನದೇ. ಮನೆಯೇ ನಕ್ಕಿತು. ಒಬ್ಬಳು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಮಾಡ್ರೀ," ಎಂದಳು. ಎಡಚಿ ಇನ್ನೊಂದು ಸಲ ಮಾಡಿದಳು. ಈ ಸಲ ಸೊಂಟದ ಮೇಲೆ ಕೈಯಿಟ್ಟು, ಇನ್ನೂ ಚೆನ್ನಾಗಿ.

ಅಳತೆಯಕ್ಕ ಎರಡನೆಯದನ್ನೂ ಪೂರ್ತಿ ನೋಡಿಯೇ ಮೆಟ್ಟಿಲು ಇಳಿದಳು. ಸುಳ್ಳು ಹೇಳಿದ್ದನ್ನು, ಕೆಲಸ ಸೊಸೆಯ ತಲೆಗೆ ಕಟ್ಟಿದ್ದನ್ನು ಹೇಗೋ ನುಂಗಬಹುದಿತ್ತು. ಎದುರು ಕೂತು ಇಷ್ಟು ವರ್ಷ ತನ್ನನ್ನು ಇಷ್ಟು ಚೆನ್ನಾಗಿ ಕಲಿತುಕೊಂಡದ್ದು ಇದಕ್ಕಾಗಿಯೇ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ.

ವಾಪಸು ಬರುವಾಗ ಅಳಿಯನದೇ ಬಸ್ಸು. "ಏನತ್ತೆ, ಎಣ್ಣೆ ಹಾಗೇ ವಾಪಸ್ ಬಂತು?"

"ಅವಳ ಮಂಡಿ ವಾಸಿಯಾಗಿದೆ," ಎಂದು ಅವಳು ಕಿಟಕಿಯ ಪಕ್ಕ ಕೂತಳು.

ಮಾರನೆಯ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಸೊಸೆ ಹೇಳಿರುತ್ತಾಳೆ ಎಂದು ಗೊತ್ತೇ ಇತ್ತು. ಅಳತೆಯಕ್ಕ ಎದ್ದು ಹೋಗಿ ಬಾಗಿಲು ತೆಗೆದಳು. ಎಡಚಿ ಗೋಣಿಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಸೊಸೆಯ ಸಾಲುಗಳನ್ನೆಲ್ಲ ಬಿಚ್ಚಿ ತಂದಿದ್ದಳು. ಬಟ್ಟೆಯ ಮೇಲೆ ಸೂಜಿಯ ತೂತುಗಳು ಮಾತ್ರ ಉಳಿದಿದ್ದವು.

"ಅಲ್ಲಿ ಯಾರೂ ಬಿಚ್ಚು ಅನ್ನಲ್ಲ ಅಕ್ಕಾ," ಎಂದಳು, ಕೂತ ಮೇಲೆ. "ಹೇಗೆ ಹಾಕಿದ್ರೂ ಚೆನ್ನಾಗಿದೆ ಅಂತಾರೆ. ಆ ಮಾತು ಕೇಳೋಕೆ ಹೋದೆ. ಮೊದಲು ಒಂದು ದಿನ ಅಂದ್ಕೊಂಡೆ."

"ಹೌದಾ."

"ಬೈಯಿ ಒಂದ್ಸಲ. ನೀನು ಬೈದ್ರೆ ಮುಗಿದುಹೋಗುತ್ತೆ."

"ಬೈಯೋದೇನಿದೆ? ನಿನ್ನ ಇಷ್ಟ," ಎಂದು ಅಳತೆಯಕ್ಕ ಸೂಜಿಗೆ ದಾರ ಪೋಣಿಸಿ ಅವಳ ಎಡಗೈಗೆ ಕೊಟ್ಟಳು.

ಇಬ್ಬರೂ ಹೊಲಿದರು. ಬಿಸಿಲಿನ ಚೌಕ ದಿಂಬಿನಿಂದ ನೆಲಕ್ಕೆ ಜರುಗಿತು. ಎಡಚಿಯ ಒಂದು ಹೊಲಿಗೆ ಉದ್ದವಾಯಿತು, ಇನ್ನೊಂದು ಅದಕ್ಕಿಂತ ಉದ್ದ, ಸಾಲು ಸೆರಗಿನ ತುಣುಕಿನ ಮೇಲೇ ಸೊಟ್ಟಗೆ ಹೋಯಿತು. ಅವಳು ಬೇಕೆಂದೇ ಮಾಡಿದಳೋ ಏನೋ. ಸಾಲು ಮುಗಿಸಿ ಕೌದಿಯನ್ನು ಈ ಕಡೆ ತಳ್ಳಿ ಕಾದಳು.

ಅಳತೆಯಕ್ಕ ಕನ್ನಡಕದ ಮೇಲಿಂದ ನೋಡಿದಳು. ಪೂರ್ತಿ ನೋಡಿದಳು.

"ಚೆನ್ನಾಗಿದೆ," ಎಂದಳು.

ಎಡಚಿಯ ಮುಖ ಬಿಳಚಿಕೊಂಡಿತು. "ಬಿಚ್ಚು ಅನ್ನು ಅಕ್ಕಾ."

"ಯಾಕೆ? ಚೆನ್ನಾಗೇ ಇದೆಯಲ್ಲ."

"ಸೊಟ್ಟಗಿದೆ. ನಿಂಗೆ ಕಾಣಿಸ್ತಿದೆ."

"ಕೈ ಹೊಲಿಗೆ ಅಂದ ಮೇಲೆ ಸ್ವಲ್ಪ ಹಾಗೇ ಇರುತ್ತೆ. ಟೀ ಕುಡೀತೀಯಾ?"

ಟೀ ಬಂತು. ಒಳ್ಳೆಯ ಕಪ್ಪಿನಲ್ಲಿ, ತಟ್ಟೆಯ ಮೇಲೆ ಇಟ್ಟು ತಂದಳು. ಎಡಚಿ ಅದನ್ನು ಮುಟ್ಟದೆ ಸೂಜಿಯ ತುದಿಯಿಂದ ತನ್ನ ಸಾಲನ್ನು ತಾನೇ ಬಿಚ್ಚತೊಡಗಿದಳು. "ಬಿಡು, ಬೆಳಕು ಸಾಲದು," ಎಂದು ಅಳತೆಯಕ್ಕ ಕೌದಿಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿ ಮಡಿಸಿಟ್ಟಳು. ಕಿಟಕಿಯಲ್ಲಿ ಬೆಳಕು ಇನ್ನೂ ಧಾರಾಳವಾಗಿತ್ತು.

ಎಡಚಿ ಎದ್ದಾಗ ಅವಳೂ ಎದ್ದಳು. ಶಾಲು ಹೊದ್ದು, ಮೆಟ್ಟಿಲಿಳಿದು, ಗೇಟಿನವರೆಗೂ ಬಂದು, "ಹುಷಾರಾಗಿ ಹೋಗಿ ಬನ್ನಿ," ಎಂದು ಬೀಳ್ಕೊಟ್ಟಳು.