ಖಾಲಿ ಕಾರು ಕೊಡುವುದಾ?

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿಯ ಹತ್ತಿರ ನಿಂತು ನನಗೂ ಅಮ್ಮನಿಗೂ ಜೋರು ಜಗಳ.

ಗಂಗೊಳ್ಳಿ ಬಂದರಿನಿಂದ ಅಮ್ಮನ ಮೀನಿನ ಬುಟ್ಟಿಗಳನ್ನು ವರ್ಷಗಟ್ಟಲೆ ಹೊತ್ತ ನಮ್ಮ ಹಳೆ ಕಾರನ್ನು ವಿಶೇಷಚೇತನರ ಸಂಸ್ಥೆಯೊಂದಕ್ಕೆ ದಾನ ಕೊಡುವುದಿತ್ತು. ವಾಸನೆ ಹೋಗಲಿ ಎಂದು ನಿನ್ನೆಯಿಡೀ ಶ್ಯಾಂಪೂ ಹಾಕಿ ತಿಕ್ಕಿದ್ದೆ. ಇವತ್ತು ಡಿಕ್ಕಿ ತೆಗೆದು ನೋಡಿದರೆ ಒಳಗೆ ಕುಚ್ಚಲಕ್ಕಿ, ತೆಂಗಿನಕಾಯಿ, ಮೇಲಿಂದ ಒಣಮೀನು!

“ಎಂತ ಅಮ್ಮಾ ಇದ್? ದಾನ ಕೊಡು ಗಾಡಿಗೆ ಒಣಮೀನ್ ತುಂಬ್ಸುದಾ?”

“ಪಕ್ಕದ್ಮನಿ ಪಾತ್ರಿಯೇ ನಾವ್ ಖಾಲಿ ವಾಪಸ್ ಕೊಡುದಿಲ್ಲೆ. ಇಷ್ಟ್ ದೊಡ್ಡ ಗಾಡಿ ಖಾಲಿ ಕೊಡುದಾ? ಅವ್ರ್ ಬೇಡುಕೆ ಬಪ್ಪೋರಲ್ಲ ಮಗಾ, ನಮ್ಮನಿಗ್ ಬಪ್ಪ ನೆಂಟ್ರ್.”

ಅಷ್ಟರಲ್ಲಿ ಸಂಸ್ಥೆ ನೋಡಿಕೊಳ್ಳುವ ಅಕ್ಕ ಡ್ರೈವರ್ ಜೊತೆ ಬಂದೇಬಿಟ್ಟರು. ಊರುಗೋಲು ಊರಿಕೊಂಡು ನೇರ ಡಿಕ್ಕಿಯ ಹತ್ತಿರವೇ ಹೋದರು. ನಾನು “ಅಕ್ಕಾ, ಸ್ವಲ್ಪ ವಾಸನೆ...” ಎನ್ನುವಷ್ಟರಲ್ಲಿ ಅವರು ಅಮ್ಮನ ಕೈ ಹಿಡಿದುಕೊಂಡರು.

“ಕಾರ್ ಕೊಟ್ಟೋರ್ ಬೇರೆಯೋರೂ ಇದ್ರ್ ಅಮ್ಮಾ. ಕೀ ಕೊಟ್ಟ್ ಫೋಟೋ ತೆಗ್ಸ್ಕಂಡ್ ಹೋತ್ರ್. ನಮ್ಗೂ ಮೀನ್ ಸಾರಿನ ಆಸೆ ಇರತ್ತ್ ಅಂದೇಳಿ ನೆನ್ಸಿದ್ದ್ ನೀವೊಬ್ರೇ.”

ಅಮ್ಮ ಸೆರಗು ಸರಿಮಾಡಿಕೊಂಡು, ಇಡೀ ಬಂದರೇ ತನ್ನದು ಎಂಬ ಹಾಗೆ ನಿಂತಳು. ಕೀ ಕೊಡುವ ಫೋಟೋಕ್ಕೆಂದು ಮೊಬೈಲ್ ಹಿಡಿದು ನಿಂತಿದ್ದ ನಾನು ಅದನ್ನು ಮೆಲ್ಲ ಕಿಸೆಗೆ ಇಳಿಸಿದೆ.

ಹಾಗಾಗಿ ಈ ಪೋಸ್ಟಿಗೆ ಫೋಟೋ ಇಲ್ಲ, ಯಾರೂ ಕೇಳಬೇಡಿ. ಇವತ್ತಿನ ನನ್ನ ಹೆಮ್ಮೆಗೆ ಒಣಮೀನಿನ ವಾಸನೆ ಇದೆ, ಅದು ಫೋಟೋದಲ್ಲಿ ಬರುವುದೂ ಇಲ್ಲ.