ತಲೆಯೊಳಗಿನ ಬಾದಾಮಿ

ಆಗೆಲ್ಲ ಲೇಕ್ ಗಾರ್ಡನ್ಸ್‌ನಲ್ಲಿ ಲಿಫ್ಟ್ ಇದ್ದ ಕಟ್ಟಡಗಳು ಕಡಿಮೆ. ನಮ್ಮದರಲ್ಲಿ ಇದೆ ಎಂಬುದೇ ನಮಗೆ ದೊಡ್ಡ ಜಂಬ. ಜಾಲರಿ ಬಾಗಿಲನ್ನು ಕೈಯಲ್ಲೇ ಎಳೆದು ಮುಚ್ಚಬೇಕಿದ್ದ, ಮೇಲೇರುವಾಗ ನರಳುತ್ತಿದ್ದ ಹಳೆಯ ಲಿಫ್ಟು ಅದು. ಅಂಥ ಲಿಫ್ಟಿನಲ್ಲಿ ಓಡಾಡಿದವರಿಗೆ ಅದರ ವಾಸನೆ ನೆನಪಿರಬಹುದು: ಗ್ರೀಸು, ಯಾರದೋ ಚೀಲದಿಂದ ಸೋರಿದ ಮೀನಿನ ನೀರು, ಅದರ ಮೇಲೆ ಫಿನಾಯಿಲು. ಜಾಲರಿಯಾಚೆ ಮಹಡಿಗಳು ಒಂದೊಂದಾಗಿ ಕೆಳಗಿಳಿಯುವುದನ್ನು ನೋಡಲೆಂದೇ ನಾನೂ ಎದುರುಮನೆಯ ಝುಂಪಾಳೂ ಸುಮ್ಮಸುಮ್ಮನೆ ಹತ್ತಿಳಿದು ಬಾಗಿಲು ಕಾಯುವ ದರ್ವಾನನಿಂದ ಬೈಸಿಕೊಳ್ಳುತ್ತಿದ್ದೆವು.

ಅಪ್ಪ ಮೈಸೂರಿನವರು, ಬಂಗಾಳಿಗಳ ಈ ಊರಿನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದರು. ಮಿದುಳಿನಲ್ಲಿ ಭಯ ಹೇಗೆ ಹುಟ್ಟುತ್ತದೆ ಎಂಬುದು ಅವರ ಸಂಶೋಧನೆ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಕಥೆ ಹೇಳಿದರೆ ನಮ್ಮ ಮನೆಯಲ್ಲಿ ಕಾರಣ ಹೇಳುತ್ತಿದ್ದರು. ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಆಕಳಿಕೆ ಯಾಕೆ ಬರುತ್ತದೆ, ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ಯಾಕೆ ನಗು ಬರುವುದಿಲ್ಲ, ಎಲ್ಲವೂ ಅನ್ನ ಸಾರಿನ ಜೊತೆಗೇ ಆಗಬೇಕು. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ಅಳು ಎಲ್ಲಿಂದ ಬರುತ್ತದೆ ಎಂಬ ಪಾಠ ಶುರುವಾಗಿ, ಅಳು ಅಲ್ಲೇ ಒಣಗಿಹೋಗುತ್ತಿತ್ತು. ಮಗುವನ್ನು ಸ್ವಲ್ಪ ಅದರ ಪಾಡಿಗೆ ಬಿಡಿ ಎಂದು ಅಮ್ಮ ಗೊಣಗುತ್ತಿದ್ದರು. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ.

ದುರ್ಗಾಪೂಜೆ ಹತ್ತಿರವಾಗಿದ್ದ ಒಂದು ಸಂಜೆ. ನಾನೂ ಅಪ್ಪನೂ ಸ್ಟೇಷನ್ ಪಕ್ಕದಲ್ಲಿ ಝಾಲ್‌ಮುರಿ, ಎಂದರೆ ಖಾರದ ಮಂಡಕ್ಕಿ, ಕಟ್ಟಿಸಿಕೊಂಡು ಬಂದು ಲಿಫ್ಟ್ ಹತ್ತಿದೆವು. ಎರಡು ಮಹಡಿಗಳ ನಡುವೆ ಅದು ಗಕ್ಕನೆ ನಿಂತಿತು, ದೀಪ ಆರಿತು. ಲೋಡ್ ಶೆಡ್ಡಿಂಗ್. ಜಾಲರಿಯ ಎದುರಿಗೆ ಬರೀ ಇಟ್ಟಿಗೆ ಗೋಡೆ.

ನನಗೆ ಒಳಗೊಳಗೇ ಖುಷಿಯಾಯಿತು, ಝುಂಪಾಳಿಗೆ ಹೇಳಲು ಎಂಥ ಸುದ್ದಿ ಸಿಕ್ಕಿತು ಎಂದು. ಕೆಳಗೆ ಕುಳಿತು ಪೊಟ್ಟಣ ಬಿಚ್ಚಿದೆ. ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿಯ ವಾಸನೆ ಕತ್ತಲೆಯ ತುಂಬ ಹರಡಿತು. ಬಾಯಲ್ಲಿ ಮುರಿಯ ಕರಂಕುರುಂ ಸದ್ದು ನಿಂತಾಗ ಇನ್ನೊಂದು ಸದ್ದು ಕೇಳಿಸಿತು. ಅಪ್ಪ ಉಸಿರಾಡುತ್ತಿದ್ದರು. ಓಡಿಬಂದವರ ಹಾಗೆ ಉಸಿರಾಡುತ್ತಿದ್ದರು. ಆಮೇಲೆ ಅವರ ಕೈ ನನ್ನನ್ನು ಹುಡುಕಿಕೊಂಡು ಬಂದು ಭುಜ ಹಿಡಿಯಿತು. ಅಂಗೈ ಪೂರಾ ಬೆವರು. ನಾನು ಕರೆದರೆ ಅವರಿಂದ ಮಾತು ಹೊರಡಲಿಲ್ಲ. ಅಮ್ಮ ನನ್ನನ್ನು ಮಲಗಿಸುವಾಗ ತಟ್ಟುವಂತೆ ಆ ಕೈಯನ್ನು ತಟ್ಟುತ್ತಾ ಕುಳಿತೆ.

ದರ್ವಾನ್ ಮೇಲಿನ ಚಕ್ರವನ್ನು ಹೇಗೋ ತಿರುಗಿಸಿ ಲಿಫ್ಟನ್ನು ಮಹಡಿಗೆ ತಂದಾಗ ಅಲ್ಲಿ ಅಮ್ಮ, ಝುಂಪಾ, ಅವಳ ಠಾಕುಮಾ, ಎಂದರೆ ಅವಳ ಅಪ್ಪನ ಅಮ್ಮ, ಎಲ್ಲರೂ ಮೇಣದಬತ್ತಿ ಹಿಡಿದು ನಿಂತಿದ್ದರು. ಅಪ್ಪನ ಅಂಗಿ ಮೈಗಂಟಿಕೊಂಡಿತ್ತು. ಏನಾಯಿತು ಎಂದು ಅಮ್ಮ ಕೇಳಿದರು.

"ಏನಿಲ್ಲ, ಪುಟ್ಟಿ ತುಂಬಾ ಹೆದರ್ಕೊಂಡ್ಬಿಟ್ಲು," ಅಂದರು ಅಪ್ಪ.

ನನ್ನ ಕೈಯಲ್ಲಿ ಝಾಲ್‌ಮುರಿಯ ಪೊಟ್ಟಣ ಇನ್ನೂ ಇತ್ತು. ಅದನ್ನು ಯಾರೂ ನೋಡಲಿಲ್ಲ. ಠಾಕುಮಾ ನನ್ನನ್ನು ಸೆರಗಿನೊಳಗೆ ಎಳೆದುಕೊಂಡು ಲೊಚಗುಟ್ಟಿದರು.

ಊಟದ ಹೊತ್ತಿಗೆ ಅಪ್ಪನ ಮಾತು ವಾಪಸ್ಸು ಬಂದಿತ್ತು. ಭಯಪಡುವುದು ತಪ್ಪಲ್ಲ, ತಲೆಯೊಳಗೆ ಎರಡೂ ಕಡೆ ಬಾದಾಮಿಯಷ್ಟು ದೊಡ್ಡ ಒಂದೊಂದು ಗಂಟಿದೆ, ಅಪಾಯ ಬಂತು ಎಂದು ಕೂಗಿ ಹೇಳುವುದೇ ಅದರ ಕೆಲಸ, ಒಮ್ಮೊಮ್ಮೆ ಸುಮ್ಮನೆಯೂ ಕೂಗುತ್ತದೆ ಎಂದು ವಿವರಿಸಿದರು.

"ನಂಗೆ ಡರ್ ಆಗ್ಲಿಲ್ಲ ಅಪ್ಪಾ," ಅಂದೆ. ಮನೆಯ ಹೊರಗೆ ಹಿಂದಿ, ಬಂಗಾಳಿ ಆಡಿ ನನ್ನ ಕನ್ನಡ ಹಾಗಾಗಿತ್ತು.

ತುಂಬಾ ಹೆದರಿದವರು ಹಾಗೆ ಹೇಳುವುದೂ ಸಹಜವೇ ಎಂದು ಅಪ್ಪ ನನ್ನ ತಟ್ಟೆಗೆ ತುಪ್ಪ ಹಾಕಿದರು. ಹೆದರಿದೆ ಎಂದರೆ ಹೆದರಿದೆ, ಹೆದರಲಿಲ್ಲ ಎಂದರೆ ಇನ್ನೂ ಜಾಸ್ತಿ ಹೆದರಿದೆ. ಆ ಶಾಸ್ತ್ರಕ್ಕೆ ಹೊರಬರುವ ಬಾಗಿಲೇ ಇರಲಿಲ್ಲ. ನಿಜವಾಗಿ ಸಿಕ್ಕಿಹಾಕಿಕೊಂಡೆ ಎಂದು ನನಗೆ ಅನಿಸಿದ್ದು ಲಿಫ್ಟಿನಲ್ಲಲ್ಲ, ಆ ಊಟದ ಮೇಜಿನಲ್ಲಿ.

ಮಾರನೆಯ ದಿನ ಝುಂಪಾಳ ಮನೆಗೆ ಹೋಗಿ, ನನ್ನ ತಲೆಯೊಳಗೆ ಬಾದಾಮ್ ಇದೆಯಂತೆ ಎಂದು ಠಾಕುಮಾಗೆ ಬಂಗಾಳಿಯಲ್ಲಿ ಹೇಳಿದೆ. ಆ ಊರಿನಲ್ಲಿ ಬಾದಾಮ್ ಎಂದರೆ ಕಡಲೆಕಾಯಿ. ನಾನೂ ಕಡಲೆಕಾಯಿ ಎಂದೇ ತಿಳಿದಿದ್ದೆ. ಒಂದು ಸಿಪ್ಪೆಯಲ್ಲಿ ಎರಡು ಬೀಜ, ಲೆಕ್ಕ ಸರಿಯಾಗಿಯೇ ಇತ್ತಲ್ಲ. ಮೂಗಿಗೆ ಹಾಕಿಕೊಂಡ ಕಡಲೆಬೀಜ ತಲೆಗೆ ಹತ್ತಿಬಿಟ್ಟಿದೆ ಎಂದು ಠಾಕುಮಾ ತಿಳಿದರು. ಟಾರ್ಚ್ ಬಿಟ್ಟು ಮೂಗು ನೋಡಿದರು, ಮೆಣಸಿನಪುಡಿ ಮೂಸಿಸಿ ಸೀನಿಸಿದರು, ಕೊನೆಗೆ ಬೀದಿಯ ಹೋಮಿಯೋಪತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಬೀದಿಯ ಅರ್ಧ ಜನ ಹಿಂದೆ ಬಂದರು. ಅಪ್ಪ ಓಡಿಬಂದು, ಅದು ಕಡಲೆಕಾಯಿ ಅಲ್ಲ, ಭಯ ಹುಟ್ಟುವ ಜಾಗ, ಮಗು ಲಿಫ್ಟಿನಲ್ಲಿ ಬಹಳ ಹೆದರಿದ್ದಾಳೆ ಎಂದು ಅಷ್ಟೂ ಜನರಿಗೆ ತಿಳಿಸಿ ಹೇಳಬೇಕಾಯಿತು.

ಬಂಗಾಳಿಗಳಲ್ಲಿ ಮನೆಯಲ್ಲಿ ಕರೆಯುವ ಹೆಸರೊಂದು ಪ್ರತಿಯೊಬ್ಬರಿಗೂ ಇರುತ್ತದೆ. ಒಮ್ಮೆ ಅಂಟಿದರೆ ಮುದುಕರಾದರೂ ಬಿಡುವುದಿಲ್ಲ. ಅಪ್ಪ ಅಮ್ಮ ಕರೆಯುತ್ತಿದ್ದ ಪುಟ್ಟಿ ಬಿಟ್ಟರೆ ಅದುವರೆಗೆ ನನಗೆ ಅಂಥದ್ದು ಇರಲಿಲ್ಲ. ಅಂದಿನಿಂದ ನಾನು ಬಾದಾಮ್. ಹೆಸರಿನ ಜೊತೆಗೆ ಭಯವೂ ನನ್ನದೆಂದು ಊರೇ ಒಪ್ಪಿಕೊಂಡುಬಿಟ್ಟಿತು.

ಪೂಜೆಯಲ್ಲಿ ಪೆಂಡಾಲಿನ ಪಕ್ಕ ಜಾತ್ರೆಯ ತಿರುಗುತೊಟ್ಟಿಲು ಬಂದಾಗ, ಸಾಲಿನಲ್ಲಿ ನಿಂತಿದ್ದ ನನ್ನನ್ನು ಝುಂಪಾಳ ಅಪ್ಪ ಎತ್ತಿ ಹೊರಗಿಟ್ಟು, "ಭೋಯ್ ಪೇಯೋ ನಾ, ಬಾದಾಮ್" ಅಂದರು. ಹೆದರಬೇಡ ಎಂದು. ಹೆದರಿದ್ದವರು ಯಾರು? ಸ್ಕೂಲಿನಿಂದ ಅಲಿಪುರದ ಝೂಗೆ ಹೋದಾಗ ಎಲ್ಲರೂ ಹಾವಿನ ಮನೆಯೊಳಗೆ ನುಗ್ಗಿದರು. ನನ್ನನ್ನು ಮಾತ್ರ ಮಿಸ್ ಹೊರಗೆ ಬೆಂಚಿನ ಮೇಲೆ ಕೂರಿಸಿ ಕಿತ್ತಳೆ ಸುಲಿದುಕೊಟ್ಟರು. ಅಳು ಬರುವಷ್ಟು ಸಿಟ್ಟು ಬಂದಿತ್ತು. ಅತ್ತರೆ ಅದನ್ನೂ ಭಯದ ಖಾತೆಗೇ ಹಾಕುತ್ತಾರೆಂದು ನುಂಗಿಕೊಂಡೆ. ಮನೆಯಲ್ಲಿ ನಾನೂ ಅಪ್ಪನೂ ಮೆಟ್ಟಿಲನ್ನೇ ಹತ್ತುತ್ತಿದ್ದೆವು, ನನ್ನ ಸಲುವಾಗಿ. ಅಪ್ಪ ಒಂದೇ ಒಂದು ಸಲ, ಅಮ್ಮನೆದುರಿಗಾದರೂ ಸಾಕು, ಹೆದರಿದ್ದು ಮಗುವಲ್ಲ ಎನ್ನಬೇಕು. ಆ ಚಳಿಗಾಲವಿಡೀ ನನಗೆ ಬೇಕಾಗಿದ್ದುದು ಅಷ್ಟೇ.

ಅಮ್ಮನಿಗೆ ಗುಮಾನಿ ಇತ್ತು. ಒಂದು ಭಾನುವಾರ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ, "ನಿಜ ಹೇಳು ಪುಟ್ಟಿ, ಅವತ್ತು ಲಿಫ್ಟಲ್ಲಿ ಹೆದರಿದ್ದು ಯಾರು?" ಎಂದು ಕೇಳಿದರು. ನಡುಮನೆಯಲ್ಲಿ ಅಪ್ಪ ಪೇಪರ್ ಮಗುಚುವ ಸದ್ದು ನಿಂತಿತು. ಬಾಗಿಲಿನಿಂದ ಅವರ ಕಾಲು ಮಾತ್ರ ಕಾಣುತ್ತಿತ್ತು. ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡಿದ್ದವು. ಅಷ್ಟು ದೊಡ್ಡ ಮನುಷ್ಯರ ಕಾಲು ಹಾಗೆ ಮುದುಡಿದ್ದನ್ನು ನಾನು ನೋಡಿರಲಿಲ್ಲ. ನನಗೆ ಅಯ್ಯೋ ಅನಿಸಿತು.

"ನಾನೇ," ಅಂದೆ.

ಝುಂಪಾಳ ಹುಟ್ಟುಹಬ್ಬ ಬಂತು. ಆ ವರ್ಷ ಅದನ್ನು ಪಾರ್ಕ್ ಸ್ಟ್ರೀಟ್ ಹತ್ತಿರವಿದ್ದ ಅವಳ ಸೋದರಮಾವನ ಮನೆಯಲ್ಲಿ ಮಾಡಿದರು, ಎಂಟನೆಯ ಮಹಡಿಯಲ್ಲಿ. ಹೊಸ ಖರ್ಜೂರದ ಬೆಲ್ಲ ಬಂದಿದ್ದ ಕಾಲ. ಆ ಬೆಲ್ಲದ ಪಾಯಸದ ಘಮ ಕೆಳಗಿನ ಬಾಗಿಲಿಗೇ ಬರುತ್ತಿದೆ ಎಂದು ನನಗೆ ಭ್ರಮೆ. ಕರೆದುಕೊಂಡು ಬಂದವರು ಅಪ್ಪ. ಅಲ್ಲಿಯದು ಉಕ್ಕಿನ ಬಾಗಿಲಿನ ಹೊಚ್ಚಹೊಸ ಲಿಫ್ಟು. ಅಪ್ಪ ಅದರತ್ತ ತಿರುಗದೆ ಮೆಟ್ಟಿಲಿಗೆ ಹೊರಟು, ಮಗುವಿಗೆ ಲಿಫ್ಟ್ ಆಗುವುದಿಲ್ಲ ಎಂದು ಕೇಳದೇ ಇದ್ದ ದರ್ವಾನನಿಗೂ ಹೇಳಿದರು.

ಅರ್ಧ ದಾರಿಯಲ್ಲಿ ಅವರಿಗೆ ಏದುಸಿರು ಬಂತು. ಮೆಟ್ಟಿಲ ಮೇಲೆಯೇ ಕುಳಿತರು. ಉಡುಗೊರೆಯ ಡಬ್ಬ ತೊಡೆಯ ಮೇಲಿತ್ತು. ಮೇಲಿನಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ನಾನು ಮೇಲೆ ನೋಡುತ್ತಾ ನಿಂತೆ. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು.

"ನೀನು ಲಿಫ್ಟಲ್ಲಿ ಹೋಗು ಪುಟ್ಟಿ," ಅಂದರು. "ನಿಂಗೇನೂ ಭಯ ಇಲ್ಲ, ನಂಗೊತ್ತು. ಅವತ್ತು ಹೆದರಿದ್ದು ನಾನು."

ಕೊನೆಗೂ ಹೇಳಿದರು. ನಾನು ಹಾರಿಕೊಂಡು ಹೋಗಿ ಗುಂಡಿ ಒತ್ತಿದೆ. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಒಳಗೆ ಬೆಳ್ಳಗೆ ದೀಪ. ಒಂದು ಕಾಲು ಎತ್ತಿದೆ. ಆ ಕಾಲು ಮುಂದಕ್ಕೆ ಹೋಗಲೇ ಇಲ್ಲ. ಅಂಗೈ ಒದ್ದೆಯಾಯಿತು, ಅಪ್ಪನ ಆ ಉಸಿರು ಈಗ ನನ್ನ ಮೂಗಿನಿಂದ ಹೊರಡುತ್ತಿತ್ತು. ಬಾಗಿಲು ಮುಚ್ಚಿಕೊಂಡಿತು. ಮತ್ತೆ ಗುಂಡಿ ಒತ್ತಿದೆ, ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ನಾನು ಹಿಂದಕ್ಕೆ ಬಂದು ಅಪ್ಪನ ಪಕ್ಕ ಕುಳಿತು, "ಈಗ ಇದೆ ಅಪ್ಪಾ," ಅಂದೆ.

ಭಯ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ಮಕ್ಕಳು ಅದನ್ನು ಹೆತ್ತವರ ಮುಖ ನೋಡಿಯೇ ಹೇಗೆ ಕಲಿತುಬಿಡುತ್ತಾರೆ ಎಂದು ಅವರು ಎಷ್ಟು ಸಲ ನಮ್ಮ ಮೇಜಿನಲ್ಲಿ ಹೇಳಿರಲಿಲ್ಲ! ಅವರ ಮುಖ ನೋಡಿದೆ. ಅವರಿಗೆ ಎಲ್ಲವೂ ತಿಳಿದುಹೋಗಿತ್ತು. ವಿವರಿಸುತ್ತಾರೆಂದು ಕಾದೆ. ಅವರು ಬಾಯಿ ತೆರೆದರು, ಮುಚ್ಚಿದರು, ನನ್ನ ಕೈ ಹಿಡಿದು ಉಳಿದ ಮೆಟ್ಟಿಲು ಹತ್ತಿಸಿದರು. ಪಾಯಸ ಆರಿತ್ತು. ನಾನು ತಿಂದೆ.

ಈಗ ನನ್ನ ಆಫೀಸು ಅದೇ ಪಾರ್ಕ್ ಸ್ಟ್ರೀಟಿನಲ್ಲಿದೆ. ಯಾವಾಗಲೂ ಮೆಟ್ಟಿಲನ್ನೇ ಹತ್ತುತ್ತೇನೆ, ವ್ಯಾಯಾಮಕ್ಕೆ ಎಂದು ಜೊತೆಯವರು ತಿಳಿದಿದ್ದಾರೆ. ಆ ಕತ್ತಲಲ್ಲಿ ಹಾಯಾಗಿ ಝಾಲ್‌ಮುರಿ ತಿನ್ನುತ್ತಿದ್ದ ಹುಡುಗಿ ಮತ್ತೆ ಸಿಗಲಿಲ್ಲ, ನಿಜ. ಅದಕ್ಕೆ ನಾನು ಅಷ್ಟಾಗಿ ಮರುಗುವುದಿಲ್ಲ. ನಾನು ಮರುಗುವುದು ಬೇರೆಯದಕ್ಕೆ. ಆ ಮೆಟ್ಟಿಲಿನ ಮೇಲೆ ಸುಮ್ಮನಾದ ಅಪ್ಪ ನನ್ನೆದುರು ಮತ್ತೆಂದೂ ಏನನ್ನೂ ವಿವರಿಸಲಿಲ್ಲ. ಕಾಲೇಜಿಗೆ ಬಂದ ಮೇಲೆ ಒಮ್ಮೆ, ಅವರನ್ನು ಮಾತಿಗೆಳೆಯಬೇಕೆಂದೇ, ಒಂದೇ ಹಾಡು ದಿನವಿಡೀ ತಲೆಯೊಳಗೆ ಯಾಕೆ ಸುತ್ತುತ್ತದೆ ಎಂದು ಕೇಳಿದೆ. ಹುಡುಗರಿಗೆ ಅವರು ವರ್ಷವರ್ಷವೂ ಪಾಠ ಮಾಡುತ್ತಿದ್ದ ವಿಷಯ ಅದು.

"ಗೊತ್ತಿಲ್ಲಮ್ಮ," ಅಂದರು.

ಅಪ್ಪ ಈಗಿಲ್ಲ. ಅವರ ಭಯವನ್ನು ನಾನು ಹೇಗೋ ಹೊತ್ತುಕೊಂಡು ಬಂದೆ, ಅದು ನಡೆದುಹೋಗುತ್ತದೆ. ಆದರೆ ನನ್ನೆದುರು ಮಾತಾಡಲು ಹೆದರಿದ ಅಪ್ಪನಿಗೆ, ಹೆದರಬೇಡಿ, ಹೇಳಿ, ಕೇಳುತ್ತೇನೆ ಎಂದು ನಾನೂ ಹೇಳಲೇ ಇಲ್ಲ.